ಸಾದಾ ಗಡ್ಡೆ

ನಾನು ಬ್ಯಾಂಡ್ ಸೆಟ್ಟಿನವನು. ದಾವಣಗೆರೆ ವಿನೋಬನಗರದಾಗ ಮನೆ. ಮದುವೆ ಮೆರವಣಿಗೆ ಮುಂದೆ ಕ್ಲಾರಿನೆಟ್ ಊದೋದೇ ನನ್ನ ಬದುಕು. ಎಡಗಿವಿ ಕೆಳಗೆ ಹುಣಸೆಬೀಜದಷ್ಟು ಗಂಟು ಎದ್ದಾಗ, ಊದಿ ಊದಿ ಗಾಳಿ ಅಲ್ಲೇ ಕೂತೈತೆ ಅಂತ ಸೆಟ್ಟಿನವರು ನಕ್ಕರು. ನಾನೂ ನಂಬಿದೆ, ನಮ್ಮ ಕಸುಬಿನವರು ನಂಬೋದೇ ಹಂಗೆ. ನೋವಿಲ್ಲ ಏನಿಲ್ಲ, ಮೆಲ್ಲಗೆ ನಿಂಬೆಹಣ್ಣಿನಷ್ಟಾಯ್ತು. ಕೊನೆಗೆ ನಮ್ಮ ಸೆಟ್ಟಿನಾಗೇ ಡ್ರಮ್ಮು ಬಾರಿಸೋ ನನ್ನ ತಮ್ಮ ಆಸ್ಪತ್ರೆಗೆ ಕರಕೊಂಡು ಹೋದ.

ಡಾಕ್ಟರಮ್ಮ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಜೊಲ್ಲಿನ ಗ್ರಂಥಿಯ ಗಡ್ಡೆ, ಕ್ಯಾನ್ಸರ್ ಅಲ್ಲ, ಆದ್ರೆ ಬಿಟ್ಟರೆ ಮುಂದೆ ಕೆಡಬಹುದು, ತೆಗೆಸಿಬಿಡ್ರಿ ಅಂದರು. ಮುಖದ ನರ ಆ ಗ್ರಂಥಿ ನಡುವೆಯೇ ಹಾಯ್ದು ಹೋಗ್ತೈತಂತೆ. ಅದಕ್ಕೆ ಪೆಟ್ಟು ಬಿದ್ರೆ ತುಟಿ ಜೋಲ್ತೈತೆ. ತುಟಿ ಹೋದ್ರೆ ನನ್ನದೇನು ಉಳೀತು?

ನನಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ನಮ್ಮ ಕಡೆ ರೋಗಿಗೆ ರೋಗ ಹೇಳಂಗಿಲ್ಲ. ಏನೇ ಇರಲಿ ಸಾದಾ ಗಡ್ಡೆ ಅಂತ ಹೇಳ್ರಿ ಅಂತ ಮನೆಯವರು ಮೊದಲೇ ಡಾಕ್ಟರಿಗೆ ಕೈಮುಗಿದು ಬರ್ತಾರೆ. ತಮ್ಮನೂ ಹಂಗೇ ಬೇಡಿಕೊಂಡಿದ್ದ. ಆಯಮ್ಮ ಇದ್ದದ್ದನ್ನೇ ಹೇಳಿದಾಗ, ಪಾಪ, ತನ್ನ ಮಾತಿಗೆ ಕಟ್ಟುಬಿದ್ದು ಸುಳ್ಳು ಹೇಳಿದ್ರು, ಇದು ಕ್ಯಾನ್ಸರೇ ಅಂತ ತಿಳಕೊಂಡ. ಮತ್ತೊಮ್ಮೆ ಹೋಗಿ ಕೇಳಿದ್ನಾ ಮಹಾರಾಯ? ಇಲ್ಲ.

ಆಪರೇಷನ್ ಆಯ್ತು. ಎಚ್ಚರಾದ ಕೂಡಲೇ ಕಣ್ಣು ಮುಚ್ರಿ, ಹಲ್ಲು ಕಿರೀರಿ ಅಂದರು. ತುಟಿಯ ಒಂದು ಮೂಲೆ ಸೋತಿತ್ತು. ನರ ಕಡಿದಿಲ್ಲ, ಸರಿಹೋಗ್ತೈತೆ, ಅಲ್ಲಿತನಕ ಊದಬ್ಯಾಡ್ರಿ ಅಂದರು. ತೆಗೆದ ಗಡ್ಡೆಯ ರಿಪೋರ್ಟ್ ತಮ್ಮನೇ ತಂದ, ಅದರಾಗೂ ಕ್ಯಾನ್ಸರ್ ಅಲ್ಲ ಅಂತಲೇ ಇತ್ತು. ಕನ್ನಡಿ ಮುಂದೆ ಕೂತು ಮಂಗನ ಹಂಗೆ ಮುಖ ತಿರುವಿ ತಿರುವಿ ತುಟಿ ನೆಟ್ಟಗೆ ಮಾಡಿಕೊಂಡೆ. ಕ್ಲಾರಿನೆಟ್ ಎಲ್ಲಿ ಅಂದ್ರೆ ತಮ್ಮ, ರಿಪೇರಿಗೆ ಕೊಟ್ಟೀನಿ ಅಂತಿದ್ದ.

ಹರಿಹರದಾಗ ನೆಂಟರ ಮದುವೆಗೆ ಹೋದೆ. ಮೆರವಣಿಗೆ ಮುಂದೆ ನಮ್ಮದೇ ಸೆಟ್. ಯಾವನೋ ಹೊಸಬ ನನ್ನ ಕ್ಲಾರಿನೆಟ್ ಊದ್ತಿದ್ದ! ಮದುವೆ ಹುಡುಗಿಯ ಅಪ್ಪ ನನ್ನ ನೋಡಿ ಹೌಹಾರಿದರು. ನಿಮಗೆ ಕ್ಯಾನ್ಸರ್, ಇನ್ನು ಊದಂಗಿಲ್ಲ ಅಂತ ನಿಮ್ಮ ತಮ್ಮ ಹೇಳಿದ್ನಲ್ಲ ಅಂದರು. ಕ್ಲಾರಿನೆಟ್ಟನ್ನ, ಅಣ್ಣನ ಕೊನೇ ಆಸೆ ಅಂತ ಹೇಳಿ ಹೊಸಬನಿಗೆ ಕೊಟ್ಟಿದ್ನಂತೆ. ನನ್ನ ಕೊನೇ ಆಸೆ! ಮೈಯೆಲ್ಲ ಉರಿದುಹೋಯ್ತು. ರಿಪೋರ್ಟ್ ಬಂದ ದಿನವೇ ನಿಜ ತಿಳಿದರೂ ಆ ಮಗ ಬಾಯಿ ಬಿಟ್ಟಿರಲಿಲ್ಲ. ಬೆನ್ನಿಗೆ ಬಿದ್ದ ತಮ್ಮ, ಬೆನ್ನಿಗೇ ಚೂರಿ ಹಾಕಿದ.

ಅವನನ್ನ ಪಕ್ಕಕ್ಕೆ ಎಳೆದೆ. ಅವನ ಕಣ್ಣಾಗ ನೀರು ಬಂತು.

"ಆವಾಗ ನೀನು ಉಳೀತಿ ಅಂತ ಯಾರಿಗೆ ಗೊತ್ತಿತ್ತಣ್ಣ?"

"ನನಗೆ ಗೊತ್ತಿತ್ತಲ್ಲೋ. ನನ್ನ ಕೇಳಿದ್ಯಾ?"

ಹೊಸಬ ಸಂಕೋಚಪಟ್ಟು ಕ್ಲಾರಿನೆಟ್ ನನ್ನ ಕೈಗಿಟ್ಟ. ತುಟಿಗೆ ಹಚ್ಚಿ ಊದಿದೆ. ಸ್ವರ ಬಂತು, ತುಟಿ ಮೂಲೆಯಾಗ ಗಾಳಿ ಸೋರದೆ ಬಂತು. ಅದನ್ನ ಕೇಳಿ ತಮ್ಮ ಕಣ್ಣೊರೆಸಿಕೊಂಡು, ಎಂದಿನ ಹಂಗೆ ಡ್ರಮ್ಮಿಗೆ ಕೈ ಹಾಕಿದ.

"ನೀನು ಬಾರಿಸಬ್ಯಾಡ" ಅಂದೆ. ಒಬ್ಬನೇ ಊದಿದೆ.