ಕಿಡಿಯ ಹಿಂದೆ ಹೊರಟ ವಚನಾ

ವಚನಾಗೆ ಚಿಕ್ಕಂದಿನಿಂದಲೂ ಒಂದು ಚಾಳಿ. ಮುಚ್ಚಿದ ಯಂತ್ರ ಕಂಡರೆ ಒಳಗೇನಿದೆ ಎಂದು ನೋಡುವವರೆಗೆ ಸಮಾಧಾನವಿಲ್ಲ. ತಂದೆ ಚಂದ್ರಶೇಖರಯ್ಯ ಗದಗಿನ ಕಡೆಯಿಂದ ಸಂಸ್ಕೃತ ಓದಲೆಂದು ಕಾಶಿಯ ಮಠಕ್ಕೆ ಬಂದವರು. ಓದು ಮುಗಿದ ಮೇಲೆ ಮಠದ ಕಚೇರಿಯಲ್ಲೇ ಕೆಲಸಕ್ಕೆ ನಿಂತರು. ಮಠದ ನೀರಿನ ಮೋಟಾರು ಕೆಟ್ಟರೆ ರಿಪೇರಿಯವನಿಗಿಂತ ಮೊದಲು ಮಗಳು ಅದರ ಪಕ್ಕ ಕೂತಿರುತ್ತಿದ್ದಳು.

"ಮುಟ್ಟಬ್ಯಾಡವ್ವಾ, ಕರೆಂಟ್ ಐತಿ!" ಎಂದು ತಾಯಿ ತಾರಾದೇವಿ ಕೂಗಿದರೆ, "ಮೇನ್ ಬಂದ್ ಮಾಡೀನಿ ಅವ್ವಾ" ಎಂಬ ಉತ್ತರ ಬರುತ್ತಿತ್ತು.

ಹಾಗಾಗಿ ಅವಳು ಗಂಗೆಯ ಆಚೆ ದಡದಲ್ಲಿ, ರಾಮನಗರದಾಚೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಕೊನೆಯ ವರ್ಷದ ಚಳಿಗಾಲದಲ್ಲಿ ಎಂಜಿನ್ ತಯಾರಿಸುವ ಕಂಪನಿಯೊಂದು ಕಾಲೇಜಿಗೇ ಬಂದು ಸಂದರ್ಶನ ನಡೆಸಿತು. ಒಳಗೆ ಹೋಗಿ ಬಂದವರನ್ನೆಲ್ಲ ಉಳಿದವರು ಮುತ್ತಿಕೊಂಡು, "ಕ್ಯಾ ಪೂಛಾ?" ಎಂದು ಪೀಡಿಸುತ್ತಿದ್ದರು. ಒಬ್ಬನಿಗೆ ಅವನ ಊರಿನ ಬಗ್ಗೆ ಕೇಳಿದ್ದರು, ಇನ್ನೊಬ್ಬಳಿಗೆ ಗಿಯರಿನ ಬಗ್ಗೆ. ಒಂದಕ್ಕೊಂದು ತಾಳೆಯೇ ಇಲ್ಲ. ಇಷ್ಟು ಕಡಿಮೆ ಹೊತ್ತಿನಲ್ಲಿ ಒಬ್ಬ ಮನುಷ್ಯನನ್ನು ಅಳೆಯುವುದು ಹೇಗಪ್ಪಾ ಎಂದು ವಚನಾಗೆ ಹೆದರಿಕೆಗಿಂತ ಹೆಚ್ಚಾಗಿ ಕುತೂಹಲ.

ಒಳಗೆ ಇಬ್ಬರಿದ್ದರು. ಒಬ್ಬರು ಕಡುನೀಲಿ ಸೀರೆಯುಟ್ಟ ಮೇಡಂ, ಇನ್ನೊಬ್ಬರು ನರೆಗಡ್ಡದ ಎಂಜಿನಿಯರ್. ಎಂಜಿನಿಯರ್ ಹಿಂದಿಯಲ್ಲಿ ಕೇಳಿದರು:

"ನಿಮ್ಮೂರಿನ ದೋಣಿಗಳೆಲ್ಲ ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದಿವೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಮತ್ತೆ ಗ್ಯಾಸಿಗೆ ಬೆಂಕಿ ಎಲ್ಲಿಂದ?"

"ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತೆಗೆದು ಆ ಜಾಗಕ್ಕೆ ಪ್ಲಗ್ ಕೂಡಿಸುತ್ತಾರೆ ಸರ್. ಅದು ಕಿಡಿ ಕೊಡುತ್ತದೆ."

"ಪಿಸ್ಟನ್ ಹಳೆಯದೇ ನಡೆಯುತ್ತದೋ?"

ಆ ದೋಣಿಗಳಲ್ಲಿ ವಚನಾ ಎಷ್ಟು ಸಲ ಕೂತಿದ್ದಳೋ, ಇದು ಮಾತ್ರ ಹೊಳೆದಿರಲಿಲ್ಲ. "ಗೊತ್ತಿಲ್ಲ ಸರ್" ಎಂದಳು.

ಅವರು ಮುಂದಿನ ಪ್ರಶ್ನೆಗೆ ಹೋದರು, ಇವಳು ಹೋಗಲಿಲ್ಲ. ಉಷ್ಣದ ಲೆಕ್ಕ ಕೇಳಿದರೆ ತಪ್ಪು ಹೇಳಿದಳು. ಐದು ವರ್ಷದ ನಂತರ ಏನಾಗಿರಲು ಬಯಸುತ್ತೀ ಎಂದು ಮೇಡಂ ಕೇಳಿದ್ದಕ್ಕೆ, "ಪಿಸ್ಟನ್ ಬದಲಿಸಿದರೆ ದೋಣಿಯ ಜೋರು ಕಡಿಮೆಯಾಗುತ್ತದಾ ಮೇಡಂ?" ಎಂದುಬಿಟ್ಟಳು. ಇಬ್ಬರೂ ನಕ್ಕು ಕಳಿಸಿದರು.

ಗೆಳತಿಯರು ಫಲಿತಾಂಶಕ್ಕೆ ಕಾಯುತ್ತ ಕೂತರು. ವಚನಾ ಆಟೋ ಹತ್ತಿ ಸೇತುವೆ ದಾಟಿ ಕಾಶಿಯ ಸೋನಾರ್‌ಪುರಕ್ಕೆ ಬಂದಳು. ಅಲ್ಲಿ ಗಂಗೆಯ ಘಾಟಿನ ಹಿಂದಿನ ಗಲ್ಲಿಯಲ್ಲಿ ದೋಣಿ ಎಂಜಿನ್ನುಗಳ ವರ್ಕ್‌ಶಾಪ್ ಇತ್ತು. ಅದರ ಮಾಲೀಕ ರಮೇಶ ಚಹಾ ಕುಡಿಯುತ್ತ ಇವಳ ಪ್ರಶ್ನೆ ಕೇಳಿ, ಎದ್ದು ಎರಡು ಪಿಸ್ಟನ್ ತಂದು ಬೆಂಚಿನ ಮೇಲಿಟ್ಟ.

"ನೋಡು ಬಿಟಿಯಾ. ಇದು ಡೀಸೆಲ್‌ದು, ಇದು ಗ್ಯಾಸಿಂದು."

ಎರಡರ ತಲೆಯಲ್ಲೂ ಬಟ್ಟಲಿನಂಥ ಗುಂಡಿ. ಗ್ಯಾಸಿನದರಲ್ಲಿ ಗುಂಡಿಯನ್ನು ಇನ್ನೂ ಅಗಲವಾಗಿ ಕೊರೆದಿದ್ದರು. ವಚನಾ ಬೆರಳು ಹಾಕಿ ಸವರಿ ನೋಡಿದಳು. ಜಾಗ ಹೆಚ್ಚಾದರೆ ಗ್ಯಾಸನ್ನು ಅದುಮುವ ಒತ್ತಡ ಕಡಿಮೆಯಾಗುತ್ತದೆ, ಅಷ್ಟು ತಿಳಿಯಿತು.

"ಆದರೆ ಎಷ್ಟು ಕೊರೆಯಬೇಕು ಅಂತ ಹೇಗೆ ಗೊತ್ತಾಗುತ್ತೆ ಭಯ್ಯಾ? ಕಡಿಮೆ ಕೊರೆದರೆ?"

"ಎಂಜಿನ್ ಟಣಟಣ ಬಡಿದುಕೊಳ್ಳುತ್ತೆ. ಜಾಸ್ತಿಯಾದರೆ ಸೋಮಾರಿಯಾಗುತ್ತೆ. ಯಾಕೆ ಅಂತ ನನಗೂ ಗೊತ್ತಿಲ್ಲ. ನಿನಗೆ ಗೊತ್ತಾದರೆ ನನಗೂ ಬಂದು ಹೇಳು."

ಆ ಎಂಜಿನಿಯರ್ ಸಂಜೆಯ ಗಾಡಿಗೆ ಹೋಗುವವರೆಂದು ಕಾಲೇಜಿನಲ್ಲಿ ಕೇಳಿದ್ದು ನೆನಪಾಯಿತು. ವಚನಾ ಇನ್ನೊಂದು ಆಟೋ ಹಿಡಿದು ಕಂಟೋನ್ಮೆಂಟ್ ಸ್ಟೇಷನ್ನಿಗೆ ಓಡಿದಳು. ಪ್ಲಾಟ್‌ಫಾರ್ಮಿನ ಜನದ ನಡುವೆ ಹುಡುಕುತ್ತಿರುವಾಗ ತಾಯಿಯ ಫೋನು. "ಅವ್ವಾ, ಆಮ್ಯಾಲೆ ಮಾತಾಡ್ತೀನಿ. ಒಂದ್ ಪ್ರಶ್ನಿ ಪೂರಾ ಆಗಿಲ್ಲ."

"ಕನ್ನಡದಾಕಿ ಏನವ್ವಾ ನೀನು?"

ಹಿಂದಿನ ಬೆಂಚಿನಲ್ಲಿ ಅವರೇ ಕೂತಿದ್ದರು. ಹೆಸರು ಅನಂತ, ಊರು ಹುಬ್ಬಳ್ಳಿ. ಕೆಲಸಕ್ಕೆ ಶಿಫಾರಸು ಕೇಳಲು ಬಂದಿದ್ದಾಳೇನೋ ಎಂದು ಅವರ ಮುಖ ಸ್ವಲ್ಪ ಬಿಗಿಯಾಯಿತು. "ನೋಡವ್ವಾ, ಇಬ್ಬರನ್ನ ಆರಿಸಿ ಆಗೇದ. ನಿನ್ನ ಹೆಸರಿಲ್ಲ. ಒಂದಾ ಪ್ರಶ್ನಿಗೆ ನಿಂತುಬಿಟ್ಟಿ, ಉಳಿದದ್ದು ಹೇಳಲಾ ಇಲ್ಲ."

ಆದರೂ ವಚನಾ ಕದಲಲಿಲ್ಲ.

"ಆಗಲ್ರಿ. ಪಿಸ್ಟನ್ ಗುಂಡಿ ದೊಡ್ಡದ ಮಾಡ್ತಾರ್ರಿ, ನೋಡಿ ಬಂದೆ. ಸಣ್ಣದಿದ್ರ ಎಂಜಿನ್ ಬಡಕೊಳ್ಳೋದು ಯಾಕ್ರಿ?"

ಅನಂತ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

"ಕಿಡಿ ಒಂದು ಮೂಲ್ಯಾಗ ಹತ್ತತದ. ಬೆಂಕಿ ಅಲ್ಲಿಂದ ಹರಕೋತ ಹೋಗಬೇಕು. ಅದುಮು ಹೆಚ್ಚಾದ್ರ, ಬೆಂಕಿ ಮುಟ್ಟೂದರೊಳಗ ಆ ಕಡೆ ಮೂಲ್ಯಾಗಿನ ಗ್ಯಾಸು ತಾನಾ ಸಿಡೀತದ. ಆ ಸಿಡಿತದ ಸಪ್ಪಳ ಅದು."

"ಹಂಗಾದ್ರ ಜಾಗಾ ಅಳೀಬೇಕಲ್ರಿ?"

"ಎಣ್ಣಿ ಸುರುವಿ ಅಳೀತಾರ. ಎಷ್ಟು ಹಿಡೀತದೋ ಅಷ್ಟಾ ಜಾಗಾ." ಅಷ್ಟರಲ್ಲಿ ಗಾಡಿ ಬಂತು. ಹತ್ತುವಾಗ ಅವರು ಹೊರಳಿ ನಕ್ಕರು. "ಇಷ್ಟು ಸಂದರ್ಶನ ಮಾಡೀನಿ, ಸ್ಟೇಷನ್ನಿಗೆ ಬಂದು ನನ್ನ ಸಂದರ್ಶನ ಮಾಡಿದಾಕಿ ನೀನಾ ಮೊದಲು."

ಮರುದಿನ ವಚನಾ ಔಷಧಿ ಅಂಗಡಿಯಿಂದ ದೊಡ್ಡ ಸಿರಿಂಜ್ ಕೊಂಡು ರಮೇಶನ ವರ್ಕ್‌ಶಾಪಿಗೆ ಹೋದಳು. ಬಡಿತದ ಕಾರಣ ಅವನಿಗೂ ಹೇಳಿ, ಸಿರಿಂಜಿನಿಂದ ಎಣ್ಣೆ ಬಿಟ್ಟು ಒಂದೊಂದೇ ಪಿಸ್ಟನ್ನಿನ ಗುಂಡಿ ಅಳೆದಳು. ಒಂದೇ ಎಂಜಿನ್ನಿನ ಪಿಸ್ಟನ್‌ಗಳಲ್ಲೂ ವ್ಯತ್ಯಾಸವಿತ್ತು. ರಮೇಶ ಕನ್ನಡಕ ಏರಿಸಿ ನೋಡಿ, "ಅರೇ!" ಎಂದ. ಅಂದಿನಿಂದ ಕಾಲೇಜು ಬಿಟ್ಟೊಡನೆ ಅವಳು ಅಲ್ಲಿಗೇ ಹೋಗತೊಡಗಿದಳು. ಪರೀಕ್ಷೆ ಮುಗಿದಾಗ ರಮೇಶನೇ ಕೇಳಿದ: "ಕಂಪನಿಯಷ್ಟು ಸಂಬಳ ಕೊಡಲಾರೆ ಬಿಟಿಯಾ. ಬರ್ತೀಯಾ?"

ಮನೆಯಲ್ಲಿ ಚಂದ್ರಶೇಖರಯ್ಯನವರಿಗೆ ಇದು ಬಗೆಹರಿಯಲಿಲ್ಲ. "ಕ್ಯಾಂಪಸ್ ಇಂಟರ್‌ವ್ಯೂ ಅಂದ್ರ ಕಾಲೇಜಿನಾಗ ಕೆಲಸ ಸಿಗೂದಲ್ಲೇನವ್ವಾ? ಗಲ್ಲ್ಯಾಗ ಹೆಂಗ ಸಿಕ್ತು?"

"ಹೋಗಿ ಒಂದ್ ಪ್ರಶ್ನಿ ಕೇಳಿದೆ ಅಪ್ಪಾಜಿ, ಸಿಕ್ತು."

ಮಗಳ ಕೈಯ ಎಣ್ಣೆಮಸಿ ನೋಡಿ ತಾರಾದೇವಿ ನಿಟ್ಟುಸಿರಿಟ್ಟರೂ, ಮರುದಿನ ಮಠಕ್ಕೆ ಬಂದ ಯಾತ್ರಿಕರೆದುರು, "ನಮ್ಮಾಕಿ ದೋಣಿ ಎಂಜಿನಿಯರ್" ಎಂದರಂತೆ.

ವಚನಾ ಈಗಲೂ ಅಲ್ಲೇ ಇದ್ದಾಳೆ. ಹೊಸದಾಗಿ ಸಜ್ಜಾದ ದೋಣಿಯ ಮೊದಲ ಸುತ್ತಿಗೆ ಅವಳು ಎಂಜಿನ್ನಿನ ಪಕ್ಕವೇ ಕೂರಬೇಕು. ಮೊನ್ನೆ ಒಂದು ದೋಣಿ ಹೊಳೆಯ ಸೆಳವಿಗೆ ಎದುರಾಗಿ ಹೋಗುವಾಗ ಸಪ್ಪಳ ಬದಲಾಯಿತು. ಅಂಬಿಗನಿಗೆ ಅದು ಕೇಳಿಸಲೇ ಇಲ್ಲ. ವಚನಾ ಮಾತ್ರ ಕೈ ಎತ್ತಿ, "ಜರಾ ರುಕೋ" ಎಂದು ಎಂಜಿನ್ನಿನ ಕಡೆ ಬಾಗಿದಳು.