ಮೂವತ್ತೊಂದು ಸಾವಿರ ಸಾಲುಗಳ ನಕ್ಷೆಯಮ್ಮ

ನಗರದ ನೀರು ಸರಬರಾಜು ಎಂದರೆ ಜನರಿಗೆ ನಲ್ಲಿ ನೆನಪಾಗುತ್ತದೆ, ಎಂಜಿನಿಯರುಗಳಿಗೆ ಪಂಪು ನೆನಪಾಗುತ್ತದೆ. ಈ ಎರಡರ ನಡುವೆ, ರಸ್ತೆಯ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹುದುಗಿರುವ ಸಾವಿರಾರು ವಾಲ್ವುಗಳ ವಿಳಾಸವನ್ನು ಮೂವತ್ತಾರು ವರ್ಷ ಜೋಪಾನ ಮಾಡಿದವರು ಯಾರಿಗೂ ನೆನಪಾಗುವುದಿಲ್ಲ. ನಮ್ಮ ನಕ್ಷೆ ವಿಭಾಗದ ಹಿರಿಯ ನಕ್ಷೆಗಾರರಾಗಿ ಈಚೆಗೆ ನಿವೃತ್ತರಾದ, ಕಚೇರಿಯಲ್ಲೆಲ್ಲ ‘ನಕ್ಷೆಯಮ್ಮ’ ಎಂದೇ ಹೆಸರಾದ ಪೂಜ್ಯರು ಈ ಕ್ಷೇತ್ರದಲ್ಲಿ ಅದ್ವಿತೀಯರು. ಅವರ ಸೌಮ್ಯ ಸ್ವಭಾವವನ್ನು ಕುರಿತು ಎರಡು ಪುಟ ಬರೆಯಬೇಕೆಂದು ನಮ್ಮ ಕಚೇರಿ ಪತ್ರಿಕೆಯ ಸಂಪಾದಕ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಆ ಸ್ವಭಾವ ಇದುವರೆಗೆ ನನ್ನ ಅನುಭವಕ್ಕೆ ಬಾರದ ಕಾರಣ, ಆರು ವರ್ಷ ಅವರು ನನ್ನ ಜೀವ ತಿಂದ ಬಗೆಯನ್ನೇ ಗೌರವಪೂರ್ವಕವಾಗಿ ನಿವೇದಿಸುತ್ತೇನೆ.

ನಾನು ಕಿರಿಯ ಎಂಜಿನಿಯರಾಗಿ ಸೇರಿದ ದಿನ ನನಗೆ ಕೂರಲು ಜಾಗವಿರಲಿಲ್ಲ. ಕಿಟಕಿಯ ಪಕ್ಕದ ತಮ್ಮ ಉದ್ದನೆಯ ಮೇಜಿನ ಅರ್ಧವನ್ನು ಅವರು ತೆರವು ಮಾಡಿಕೊಟ್ಟರು. ಎಂಥ ಔದಾರ್ಯ ಎಂದುಕೊಂಡೆ. ನಾನು ಮಾಡುವುದೆಲ್ಲ ಅವರ ಕಣ್ಣಳತೆಯಲ್ಲೇ ಇರುತ್ತದೆ ಎಂಬುದು ಹೊಳೆದದ್ದು ಆಮೇಲೆ. ಆ ಕೋಣೆಯ ಮೂರು ಕಬ್ಬಿಣದ ಬೀರುಗಳಲ್ಲಿ ಒಂದೊಂದು ವಾಲ್ವಿಗೆ ಒಂದೊಂದು ಕಾರ್ಡು: ವಾರ್ಡು, ಕೊಳವೆಯ ಗಾತ್ರ, ಹಾಕಿದ ವರ್ಷ, ಸುಸ್ಥಿತಿಯೋ ಕೆಟ್ಟಿದೆಯೋ ಎಂಬ ವಿವರ. ಕಾರ್ಡಿನ ಹಿಂಬದಿಯಲ್ಲಿ ಅವರದೇ ದುಂಡು ಅಕ್ಷರದಲ್ಲಿ ‘ಗಡಿಯಾರದ ಅಂಗಡಿ ಎದುರು, ಫುಟ್‌ಪಾತ್ ಕಲ್ಲಿನ ಕೆಳಗೆ’ ಎಂಬಂಥ ಗುರುತುಗಳು.

ಎರಡನೆಯ ವರ್ಷ ಆ ಕಾರ್ಡುಗಳನ್ನೆಲ್ಲ ಒಂದು ಡೇಟಾಬೇಸಿನ ಟೇಬಲ್ಲಿಗೆ ಏರಿಸಲಾಯಿತು. ಒಟ್ಟು ಮೂವತ್ತೊಂದು ಸಾವಿರದ ನಾನೂರು ಸಾಲು. ಅದಕ್ಕೊಂದು ಆ್ಯಪ್ ಮಾಡುವ ಹೊಣೆ ನನಗೆ ಬಿತ್ತು. ಪರದೆಯ ಮೇಲೆ ಪೆಟ್ಟಿಗೆಗಳನ್ನು ಎಳೆದು ಕೂರಿಸಿ, ಅಲ್ಲಲ್ಲಿ ಒಂದೊಂದು ಸೂತ್ರ ಬರೆದರೆ ಆ್ಯಪ್ ಸಿದ್ಧವಾಗುವ ‘ಲೋ-ಕೋಡ್’ ಸೌಲಭ್ಯ ಆಗ ಹೊಸದಾಗಿ ಬಂದಿತ್ತು. ಎರಡೇ ವಾರದಲ್ಲಿ ಮುಗಿಸಿ ಬೀಗಿದೆ. ಬೇಕಾದ ವಾರ್ಡುಗಳಿಗೆ ಟಿಕ್ ಹಾಕಿ, ಬೇಕಾದ ಗಾತ್ರಗಳಿಗೆ ಟಿಕ್ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ವಾಲ್ವುಗಳ ಪಟ್ಟಿ! ಪ್ರದರ್ಶನದ ದಿನ ಮುಖ್ಯ ಎಂಜಿನಿಯರರು ಚಪ್ಪಾಳೆ ತಟ್ಟಿದರು. ನಕ್ಷೆಯಮ್ಮನವರು ಮಾತ್ರ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಒಂದೇ ವಾರ್ಡ್ ಆರಿಸ್ದಾಗ ನಲವತ್ತು ವಾಲ್ವ್ ಬಂತು. ಅದರ ಜೊತೆಗೆ ಇನ್ನೆರಡು ವಾರ್ಡ್ ಸೇರಿಸಿದ್ರೆ ಹದಿನೇಳು ಬರ್ತಿದೆ. ಇದು ಹೇಗಪ್ಪಾ?”

“ನೆಟ್‌ವರ್ಕ್ ನಿಧಾನ ಇದೆ ಮೇಡಂ,” ಎಂದೆ.

“ನೆಟ್‌ವರ್ಕ್ ನಿಧಾನ ಆದ್ರೆ ತಡವಾಗಿ ಬರ್ಬೇಕು. ಕಡಿಮೆ ಯಾಕೆ ಬರುತ್ತೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೇ ಕುದಿಯುತ್ತ. ಅಂದಿನಿಂದ ಒಂದು ವರ್ಷ, ಪ್ರತಿ ಸೋಮವಾರ, ಅವರು ಒಂದು ಚೀಟಿಯನ್ನು ನನ್ನ ಮುಂದೆ ಇಡುತ್ತಿದ್ದರು: ಇಂಥ ಎರಡು ವಾರ್ಡು, ಇಂಥ ಮೂರು ಗಾತ್ರ, ಕಾರ್ಡಿನಲ್ಲಿ ಇಷ್ಟು, ಆ್ಯಪಿನಲ್ಲಿ ಇಷ್ಟು. “ಎಷ್ಟು ಸಾಲು ನೋಡಿ ಹೇಳ್ತಿದೆ ಅದು?” ಎಂಬುದು ಅವರ ಖಾಯಂ ಪ್ರಶ್ನೆ. “ಎಲ್ಲಾನೂ ನೋಡಿಯೇ ಹೇಳುತ್ತೆ ಮೇಡಂ” ಎಂಬುದು ನನ್ನ ಖಾಯಂ ಉತ್ತರ. ಕಾರ್ಡಿನಲ್ಲೇ ತಪ್ಪಿರಬಹುದು ಎಂದು ಒಮ್ಮೆ ಬಾಯಿಬಿಟ್ಟೆ. ಆ ವಾರವಿಡೀ ಅವರು ಮಾತಾಡಲಿಲ್ಲ. ಆ ವಾರ ನೆಮ್ಮದಿಯಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ದೊಡ್ಡಾಸ್ಪತ್ರೆಯ ರಸ್ತೆಯಲ್ಲಿ ಮುಖ್ಯ ಕೊಳವೆ ಒಡೆಯಿತು. ಆ ರಸ್ತೆ ಎರಡು ವಾರ್ಡುಗಳ ಗಡಿ. ನಾನು ಸ್ಥಳದಲ್ಲೇ ನಿಂತು ಫೋನಿನಲ್ಲಿ ಎರಡು ವಾರ್ಡು, ಎರಡು ಗಾತ್ರ, ‘ಸುಸ್ಥಿತಿ’ ಎಂದು ಆರಿಸಿದೆ. ಐದು ವಾಲ್ವು ಬಂದವು. ಐದನ್ನೂ ಮುಚ್ಚಿಸಿದೆವು. ನೀರು ಇಳಿಯಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಮೆಟ್ಟಿಲುಗಳ ಮೇಲೆ ಅದು ಧುಮುಕುತ್ತಿತ್ತು. ಕೆಳಗೆ, ನೆಲದಿಂದ ಕೆಲವೇ ಮೆಟ್ಟಿಲು ಎತ್ತರದಲ್ಲಿ ಇಡೀ ಕಟ್ಟಡದ ವಿದ್ಯುತ್ ಕೋಣೆ, ಮೇಲೆ ಆಪರೇಷನ್ ನಡೆಯುತ್ತಿದೆ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ನನ್ನ ತೋಳು ಹಿಡಿದು ಅಲುಗಿಸಿದ. “ಇನ್ನು ನಾಲ್ಕೇ ಮೆಟ್ಟಿಲು ಸಾರ್! ಒಳಗೆ ನೀರು ಹೊಕ್ಕರೆ ಕರೆಂಟ್ ತೆಗೀಲೇಬೇಕು, ಜನರೇಟರೂ ಅಲ್ಲೇ ಇರೋದು!”

ನಾನು ಮತ್ತೆ ಮತ್ತೆ ಟಿಕ್ ತೆಗೆದು ಹಾಕುತ್ತಿದ್ದೆ. ಮತ್ತೆ ಮತ್ತೆ ಐದೇ. ಆಗ ನಕ್ಷೆಯಮ್ಮನವರ ಫೋನು.

“ಎಷ್ಟು ಮುಚ್ಚಿದ್ರಿ?”

“ಐದು ಮೇಡಂ. ಇರೋದೇ ಐದು.”

“ಆರು! ಗಡಿಯಾರದ ಅಂಗಡಿ ಎದುರಿಂದು? ನಾನೇ ಬರ್ತೀನಿ, ಇರು.”

ವಾಹನಗಳೆಲ್ಲ ನಿಂತುಹೋಗಿದ್ದರಿಂದ ಐವತ್ತೇಳರ ಆ ವಯಸ್ಸಿನಲ್ಲಿ ಅವರು ಕೈಯಲ್ಲಿ ಕಾರ್ಡು ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಡೆದೇ ಬಂದರು. ಅಂಗಡಿಯ ಎದುರು ನಿಂತು ಕಾಲಿನಿಂದ ತಡವಿ, “ಇಲ್ಲಿ. ಈ ಕಲ್ಲು” ಎಂದರು. ಕಲ್ಲೆತ್ತಿ, ಆರನೆಯ ವಾಲ್ವನ್ನು ಮುಚ್ಚಲಾಯಿತು. ಎರಡು ಮೆಟ್ಟಿಲು ಉಳಿದಿರುವಾಗ ನೀರು ನಿಂತಿತು.

ಮಧ್ಯಾಹ್ನ ನನ್ನ ಆ್ಯಪ್ ಬಿಚ್ಚಿ ನೋಡಿದೆ. ಒಂದೇ ಆಯ್ಕೆಯಿದ್ದರೆ ನನ್ನ ಪ್ರಶ್ನೆ ನೇರವಾಗಿ ಡೇಟಾಬೇಸಿಗೆ ಹೋಗಿ, ಅದು ಎಲ್ಲ ಸಾಲು ಹುಡುಕಿ ಉತ್ತರ ಕೊಡುತ್ತಿತ್ತು. ಹಲವು ಆಯ್ಕೆಗಳಿದ್ದರೆ ನಾನು ಬೇರೊಂದು ಸೂತ್ರ ಬರೆದಿದ್ದೆ. ಅದು ಡೇಟಾಬೇಸಿಗೆ ಅರ್ಥವಾಗುವಂಥದ್ದಲ್ಲ. ಆಗ ಆ್ಯಪ್ ಏನು ಮಾಡುತ್ತಿತ್ತೆಂದರೆ, ಮೊದಲ ಎರಡು ಸಾವಿರ ಸಾಲುಗಳನ್ನಷ್ಟೇ ತನ್ನ ಬಳಿಗೆ ತಂದುಕೊಂಡು, ಅವುಗಳಲ್ಲೇ ಹುಡುಕಿ, ಇಷ್ಟೇ ಇರುವುದು ಎಂದು ಗಂಭೀರವಾಗಿ ಹೇಳುತ್ತಿತ್ತು. ಉಳಿದ ಇಪ್ಪತ್ತೊಂಬತ್ತು ಸಾವಿರದ ನಾನೂರನ್ನು ಅದು ಕಣ್ಣೆತ್ತಿಯೂ ನೋಡಿರಲಿಲ್ಲ. ಸೂತ್ರದ ಪಕ್ಕದಲ್ಲಿ ಎಚ್ಚರಿಕೆಯ ಪುಟ್ಟ ಹಳದಿ ತ್ರಿಕೋನವೊಂದು ವರ್ಷದಿಂದಲೂ ಇತ್ತು. ನಾನು ಅದನ್ನು ಅಲಂಕಾರವೆಂಬಂತೆ ಬಿಟ್ಟಿದ್ದೆ.

ವಿಚಾರಣೆಯಲ್ಲಿ ಮುಖ್ಯ ಎಂಜಿನಿಯರರು ನನ್ನನ್ನು ಆ ಕೆಲಸದಿಂದ ತೆಗೆದುಹಾಕುವ ಮಾತೆತ್ತಿದರು. ನಕ್ಷೆಯಮ್ಮನವರು ನನ್ನ ತಪ್ಪನ್ನು ಮುಚ್ಚಲಿಲ್ಲ. ಐವತ್ತೊಂದು ಚೀಟಿಗಳನ್ನೂ ತಾರೀಖಿನೊಂದಿಗೆ ಮೇಜಿನ ಮೇಲಿಟ್ಟರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆಮೇಲೆ ಹೇಳಿದರು: “ಇವನಿಗೆ ಈಗ ಭಯ ಬಂದಿದೆ ಸಾರ್. ಹೊಸಬ ಬಂದ್ರೆ ಅವನಿಗೆ ಭಯ ಬರೋಕೆ ಇನ್ನೊಂದು ಪೈಪ್ ಒಡೀಬೇಕು. ಇವನೇ ಸರಿ ಮಾಡ್ಲಿ, ನಾನು ಪಕ್ಕದಲ್ಲಿ ಕೂತಿರ್ತೀನಿ.”

ಕೂತರು. ಮೂರು ವಾರ. ಆ ಮೂರು ವಾರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಟಿಕ್ ಹಾಕಿದ ಪ್ರತಿಯೊಂದನ್ನೂ ಬಿಡಿ ಷರತ್ತಾಗಿ ಬರೆದು, ಜೋಡಿಸಿ, ಹುಡುಕುವ ಕೆಲಸವನ್ನು ಡೇಟಾಬೇಸಿಗೇ ಒಪ್ಪಿಸಿದೆ. ಮೊದಲ ಸಲ ಎರಡು ವಾರ್ಡು ಆರಿಸಿದರೆ ಸೊನ್ನೆ ಬಂತು. ಎರಡರ ನಡುವೆ ‘ಮತ್ತು’ ಎಂದು ಹಾಕಿದ್ದೆ. “ಒಂದು ವಾಲ್ವ್ ಎರಡು ವಾರ್ಡಲ್ಲಿ ಹೇಗಪ್ಪಾ ಇರುತ್ತೆ? ‘ಅಥವಾ’ ಅನ್ಬೇಕಲ್ವಾ?” ಎಂದರು. ವಾರ್ಡುಗಳ ನಡುವೆ ‘ಅಥವಾ’, ವಾರ್ಡಿಗೂ ಗಾತ್ರಕ್ಕೂ ನಡುವೆ ‘ಮತ್ತು’ ಎಂದು ತಿದ್ದಿದೆ. “ಏನೂ ಆರಿಸದೇ ಹೋದ್ರೆ?” ಎಂದರು. ಖಾಲಿ ಪರದೆ ಬಂತು. ಆಗ ಎಲ್ಲ ವಾಲ್ವುಗಳೂ ಬರುವಂತೆ ಅದನ್ನೂ ತಿದ್ದಿದೆ. ಹಲ್ಲು ಕಚ್ಚಿಕೊಂಡು ನಾನು ಟಿಕ್ ಹಾಕುವುದು, ಬೆರಳು ಒದ್ದೆ ಮಾಡಿಕೊಂಡು ಅವರು ಕಾರ್ಡು ಎಣಿಸುವುದು. ಇನ್ನೂರಹನ್ನೆರಡು ಬಗೆಯಲ್ಲಿ ಆರಿಸಿ ನೋಡಿದೆವು. ನೂರೆಂಬತ್ತರ ಹೊತ್ತಿಗೆ ನನ್ನ ತಲೆ ಚಿಟ್ಟುಹಿಡಿದು, “ಸಾಕು ಮೇಡಂ, ಕೈ ಮುಗೀತೀನಿ” ಎಂದೆ. “ಮುಗಿ. ಆಮೇಲೆ ನೂರೆಂಬತ್ತೊಂದು ತೆಗಿ” ಎಂದರು. ಇವತ್ತು ಅದೇ ಆ್ಯಪಿನಿಂದ ನಗರದ ಎಲ್ಲ ವಿಭಾಗಗಳೂ ವಾಲ್ವು ಹುಡುಕುತ್ತಿವೆ, ಒಂದೂ ತಪ್ಪಿಸಿಕೊಂಡಿಲ್ಲ.

ಅಚ್ಚಿಗೆ ಮೊದಲು ಯಾರಿಗೂ ತೋರಿಸಬಾರದೆಂಬ ಸಮಿತಿಯ ನಿಯಮ ಮೀರಿ ಈ ಲೇಖನವನ್ನು ನಿನ್ನೆ ಅವರಿಗೆ ಓದಿ ಹೇಳಿದೆ. ಅಂಕಿಸಂಖ್ಯೆಯಲ್ಲಿ ತಪ್ಪಿದ್ದರೆ ಅಚ್ಚಾದ ಮೇಲೆ ನನ್ನನ್ನು ಬಿಡುವವರಲ್ಲ. ಕೊನೆಯವರೆಗೂ ಕೇಳಿ, “‘ಮುಚ್ಚಲಾಯಿತು’ ಅಂತ ಬರ್ದಿದ್ದೀಯಲ್ಲ, ಯಾರು ಮುಚ್ಚಿದ್ದು? ನೀನಾ? ನಾನಾ?” ಎಂದರು.

ಆದ್ದರಿಂದ ದಾಖಲಿಸುತ್ತೇನೆ. ಆ ಕಲ್ಲಿನ ಕೆಳಗೆ ಎದೆಮಟ್ಟ ನೀರು ತುಂಬಿದ್ದ ವಾಲ್ವಿನ ಗುಂಡಿಗೆ ಇಳಿದವರು ನಮ್ಮ ವಿಭಾಗದ ಹಿರಿಯ ವಾಲ್ವ್‌ಮನ್. ಹನ್ನೊಂದು ವರ್ಷ ಯಾರೂ ಮುಟ್ಟದೆ ತುಕ್ಕು ಹಿಡಿದಿದ್ದ ವಾಲ್ವನ್ನು, ಮುಳುಗಿ ಮುಳುಗಿ, ಅಂಗೈ ಸುಲಿಯುವವರೆಗೆ ಅವರು ತಿರುಗಿಸಿದರು. ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ನಕ್ಷೆಯಮ್ಮನವರು ತಮ್ಮ ಶಾಲು ಹೊದಿಸಿ, ಆಸ್ಪತ್ರೆಯ ಒಳಗೆ ಕರೆದೊಯ್ದು, ಕೈಗೆ ಪಟ್ಟಿ ಕಟ್ಟುವವರೆಗೂ ಪಕ್ಕದಲ್ಲಿ ಕೂತಿದ್ದರು. ನಾನು ಅಷ್ಟು ಹೊತ್ತೂ ಫೋನು ನೋಡುತ್ತಿದ್ದೆ.

ನಿವೃತ್ತಿಯಾಗಿ ಮೂರು ವಾರವಾಗಿದೆ. ಆಗಲೇ ಎರಡು ಸಲ ಬಂದುಹೋಗಿದ್ದಾರೆ. ಬೆಂಕಿ ನಂದಿಸುವ ನೀರಿನ ಕಂಬಗಳದ್ದೂ ಒಂದು ಪಟ್ಟಿಯಿದೆಯಂತೆ, ಹನ್ನೊಂದು ಸಾವಿರ, “ಅದನ್ನೂ ಒಂದ್ಸಲ ಕೂತು ನೋಡಿಬಿಡೋಣ ಅಲ್ವಾ?” ಎಂದಿದ್ದಾರೆ. ನನ್ನ ನಿವೃತ್ತಿಗೆ ಇನ್ನೂ ಇಪ್ಪತ್ತೆರಡು ವರ್ಷವಿದೆ. ಅಷ್ಟೂ ವರ್ಷ ಪೂಜ್ಯರು ಗಟ್ಟಿ ಮೊಣಕಾಲು, ಚುರುಕು ಕಣ್ಣು ಮತ್ತು ನನ್ನ ಮೇಲಿನ ಈ ಅನುಮಾನದೊಂದಿಗೆ ಆರೋಗ್ಯವಾಗಿ ಬಾಳಲಿ. ಒಂದು ದಿನವೂ ಕಡಿಮೆಯಾಗದಿರಲಿ.