ಕಬ್ಬಿಣದ ನೆಲದಲ್ಲಿ ಬಿದ್ದ ಕರಡಿಗೆ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ನನ್ನ ಅಳಿಯನದು ಒಂದು ಶೆಡ್ ಇದೆ. ಗೇಟು, ಗ್ರಿಲ್ಲು, ಏಣಿ ಮಾಡುತ್ತಾರೆ. ಅದರ ಹಿಂದೆ ಕಾಂಪೌಂಡಿನ ಒಳಗೆ ಒಂದಿಷ್ಟು ಮರಳಿನ ಜಾಗ. ಕೆಲಸ ಮಾಡಿ ಬಿಸಾಕಿದ್ದೆಲ್ಲ ವರ್ಷಗಟ್ಟಲೆ ಅಲ್ಲೇ ಬಿದ್ದಿದೆ. ವೆಲ್ಡಿಂಗ್ ರಾಡಿನ ತುಂಡು, ನಟ್ಟು, ಮೊಳೆ, ತಂತಿ, ಪಟ್ಟಿ ಕತ್ತರಿಸಿದ ಚೂರು. ಅದರಲ್ಲೇ ಒಂದು ಮೂಲೆ ಕೆದಕಿ, ಗೊಬ್ಬರದ ಮಣ್ಣು ಸುರಿಸಿ, ನಾನು ಮೆಂತ್ಯ, ಕೊತ್ತಂಬರಿ, ರಾಜಗಿರಿ ಹಾಕಿದ್ದೆ. ಮಗಳ ಫ್ಲಾಟಿನಲ್ಲಿ ದಿನವಿಡೀ ಟಿವಿ ನೋಡುತ್ತ ಕೂಡುವುದು ನನ್ನಿಂದ ಆಗುವುದಿಲ್ಲ. ಬೆಳಿಗ್ಗೆ ಅಳಿಯನ ಗಾಡಿಯಲ್ಲೇ ಶೆಡ್ಡಿಗೆ ಹೋಗುತ್ತಿದ್ದೆ.

ಆ ಸೊಪ್ಪಿನ ಮಡಿಯಲ್ಲೇ ನನ್ನ ಲಿಂಗ ಕಳೆಯಿತು.

ನಾವು ಲಿಂಗಾಯತರು. ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನಾನು ತುತ್ತು ಅನ್ನ ತಿಂದವಳಲ್ಲ. ಲಿಂಗ ಒಬ್ಬರದು ಒಬ್ಬರಿಗೇ. ಗಂಡನದನ್ನು ಹೆಂಡತಿ ಕಟ್ಟಿಕೊಳ್ಳುವ ಹಾಗಿಲ್ಲ, ಮಗಳದನ್ನು ತಾಯಿ ಕಟ್ಟಿಕೊಳ್ಳುವ ಹಾಗಿಲ್ಲ. ಕಳೆದರೆ ಸಿಗುವ ತನಕ ಅನ್ನ ಮುಟ್ಟಬಾರದು ಎಂದು ನನ್ನ ಅವ್ವ ಹೇಳಿದ್ದಳು. ನಾನು ಅಷ್ಟನ್ನೇ ಕಲಿತವಳು.

ಅವತ್ತು ಬಗ್ಗಿ ಕಳೆ ತೆಗೆಯುವಾಗ ದಾರ ಹರಿದಿರಬೇಕು. ನನಗೆ ಗೊತ್ತಾಗಲಿಲ್ಲ. ಮಧ್ಯಾಹ್ನ ಪೈಪು ಇಳಿಸಲು ಬಂದ ಲೋಡರ್ ಮರಳನ್ನೆಲ್ಲ ತಳ್ಳಿ ಹರಡಿತು. ಸಂಜೆ ಮೈ ತೊಳೆಯುವಾಗ ಕೊರಳು ಮುಟ್ಟಿ ನೋಡಿದರೆ ಏನೂ ಇಲ್ಲ.

ಮಗಳು ಅಂದಳು, "ಊರಿಗೆ ಹೋದಾಗ ಸ್ವಾಮಿಗಳ ಕಡೆಯಿಂದ ಹೊಸಾದು ಕಟ್ಟಿಸ್ಕೊಂಡ್ರಾತು ಬಿಡವ್ವ."

"ಇದ್ದದ್ದನ್ನ ಮರಳಾಗ ಬಿಟ್ಟು ಹೊಸಾದು ತಗೊಳ್ಳಾಕ ಅದೇನ ಚಪ್ಪಲಿಯೇನ?" ಅಂದೆ.

ಪಕ್ಕದ ಶೆಡ್ಡಿನ ಸ್ಟೋರ್‌ಕೀಪರ್ ಉಡುಪಿ ಕಡೆಯವನು. ರಜೆಯ ದಿನ ಸಮುದ್ರದ ದಂಡೆಗೆ ಲೋಹ ಹುಡುಕುವ ಮಷೀನು ತೆಗೆದುಕೊಂಡು ಹೋಗುವ ಹುಚ್ಚು ಅವನಿಗೆ. ಉದ್ದ ಕೋಲು, ತುದಿಗೆ ತಟ್ಟೆ, ಕಿವಿಗೆ ಹಾಕುವ ಡಬ್ಬಿ. ಮರುದಿನ ಬೆಳಿಗ್ಗೆ ಅವನೇ ಬಂದ. ಎರಡು ಸಲ ಬೀಸಿ ಕಿವಿಯಿಂದ ಡಬ್ಬಿ ಕಿತ್ತ.

"ಇದು ನೆಲ ಅಲ್ಲ ಮಾರ್ರೆ, ಗುಜರಿ ಅಂಗಡಿ. ಕಾಲಿಟ್ಟಲ್ಲೆಲ್ಲ ಕೂಗ್ತದೆ."

ಕಬ್ಬಿಣ ಗೊರಗೊರ ಅನ್ನುತ್ತದೆ, ಬೆಳ್ಳಿ ತೆಳ್ಳಗೆ ಹಾಡುತ್ತದೆ ಎಂದು ಡಬ್ಬಿಯನ್ನು ನನ್ನ ಕಿವಿಗೆ ಹಾಕಿ ಕಲಿಸಿದ. ಆಮೇಲೆ ಒಂದು ಗುಂಡಿ ಒತ್ತಿ ಕಬ್ಬಿಣದ ದನಿಯನ್ನೇ ಮುಚ್ಚಿದ. ಇಲ್ಲದಿದ್ದರೆ ತಲೆ ಕೆಡುತ್ತದೆ ಅಂದ.

"ಬೆಳ್ಳಿ ಕಬ್ಬಿಣದ ಬಗಲಾಗ ಬಿದ್ದಿದ್ರ?" ಎಂದು ಕೇಳಿದೆ.

"ಆಗ ಕಷ್ಟ ಉಂಟು ಅಮ್ಮ. ಕಬ್ಬಿಣದ ನೆರಳಿಗೆ ಬಿದ್ದ ಬೆಳ್ಳಿ ಇದಕ್ಕೆ ಕೇಳೂದಿಲ್ಲ. ಆದ್ರೆ ಮಷೀನು ಸುಳ್ಳು ಹೇಳೂದಿಲ್ಲ, ಅದು ಗ್ಯಾರಂಟಿ."

ಮೂರು ದಿನ ಹುಡುಕಿದೆವು. ಮೂರು ದಿನ ನಾನು ಹಾಲು, ಬಾಳೆಹಣ್ಣಿನ ಮೇಲೆ ಇದ್ದೆ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಕುಳಿತಲ್ಲಿಂದ ಏಳುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮಗಳು ಬೈದಳು, ಅತ್ತಳು, ಡಾಕ್ಟರಿಗೆ ಫೋನು ಮಾಡಿದಳು. ನಾನು ಅನ್ನ ಮುಟ್ಟಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಸ್ಟೋರ್‌ಕೀಪರ್ ಸೀದಾ ಗೋಡೆಯ ಮೂಲೆಗೆ ಹೋಗಿ ನಿಂತು ಕರೆದ. "ಅಮ್ಮ, ಇಲ್ಲಿ ಕೇಳಿ."

ತೆಳ್ಳಗೆ ಹಾಡಿತು. ಕುರ್ಪಿಯಿಂದ ನಾಲ್ಕು ಬೆರಳು ತೋಡಿದೆ. ಕರಡಿಗೆ ಸಿಕ್ಕಿತು. ಅಳುವ ಚಟ ನನಗಿಲ್ಲ. ಅವತ್ತು ಅತ್ತೆ. ಶೆಡ್ಡಿನ ನಲ್ಲಿಯಲ್ಲೇ ಕೈಕಾಲು ತೊಳೆದು, ಅಲ್ಲೇ ಪೂಜೆ ಮಾಡಿದೆ. ಅವತ್ತು ನನ್ನ ಜತೆಗೇ ಬಂದಿದ್ದ ಮಗಳು ರೊಟ್ಟಿ ಮುರಿದು ಬಾಯಿಗಿಟ್ಟಳು. ಸ್ಟೋರ್‌ಕೀಪರನ ಮಕ್ಕಳು ಮರಿ ಚೆನ್ನಾಗಿರಲಿ ಎಂದು ಬಾಯಿ ತುಂಬ ಹರಸಿದೆ.

ಬೆಳ್ಳಿ ತೀರಾ ಹೊಳೆಯುತ್ತಿತ್ತು. ಮರಳು ತಿಕ್ಕಿ ಹೊಳೆದಿದೆ ಅಂದುಕೊಂಡೆ. ದಾರದ ಎಳೆಯೂ ಇರಲಿಲ್ಲ. ಮರಳಲ್ಲಿ ಹೋಗಿರಬೇಕು ಅಂದುಕೊಂಡೆ. ಲಿಂಗದ ಮೇಲಿನ ಕಂತಿ ಎಂಬ ಕಪ್ಪು ಲೇಪ ನನ್ನ ಬೆರಳಿಗೆ ಹೊಸದಾಗಿ ತಾಗಿತು. ಅದಕ್ಕೂ ಏನೋ ಒಂದು ಕಾರಣ ಹುಡುಕಿಕೊಂಡೆ. ಹಸಿದವಳು ಹೆಚ್ಚು ಕೇಳುವುದಿಲ್ಲ.

ಐದು ತಿಂಗಳು ಕಳೆದವು. ಬೇಸಿಗೆ ಮುಗಿದು ಮತ್ತೆ ಮಡಿ ಮಾಡುವ ಹೊತ್ತು ಬಂತು. ಮರಳಲ್ಲಿ ಕೈ ಹಾಕಿದರೆ ಮೊಳೆ ಚುಚ್ಚುತ್ತಿತ್ತು. ಅಳಿಯನ ಶೆಡ್ಡಿನಲ್ಲಿ ಕಬ್ಬಿಣ ಎತ್ತುವ ಒಂದು ದೊಡ್ಡ ಅಯಸ್ಕಾಂತ ಬಿದ್ದಿತ್ತು. ಅದಕ್ಕೆ ಹಗ್ಗ ಕಟ್ಟಿ ಮರಳ ಮೇಲೆ ಎಳೆದೆ. ದಿನಾ ಒಂದೊಂದು ಗೇಣು ಜಾಗ. ಮುಳ್ಳುಹಂದಿಯ ಹಾಗೆ ಮೈತುಂಬ ಕಬ್ಬಿಣ ಹೊತ್ತು ಬರುತ್ತಿತ್ತು. ಬಕೆಟ್ಟುಗಟ್ಟಲೆ ತೆಗೆದೆ. ಅದಕ್ಕೂ ಬಗ್ಗದ್ದು ಆಳದಲ್ಲಿ ಉಳಿದಿರುತ್ತದೆ ಎಂದು ಸ್ಟೋರ್‌ಕೀಪರನ ಹಳೇ ಮಷೀನು ಕೇಳಿದೆ. ಅವನು ಹೊಸದು ಕೊಂಡಿದ್ದ. "ತಗೊಳ್ಳಿ ಅಮ್ಮ" ಅಂದ.

ನಾನು ಕಬ್ಬಿಣದ ದನಿ ಮುಚ್ಚಲಿಲ್ಲ. ನನಗೆ ಬೇಕಾದದ್ದು ಕಬ್ಬಿಣವೇ. ಗೊರ ಅಂದಲ್ಲೆಲ್ಲ ತೋಡಿ ತೆಗೆದೆ. ಮಡಿಯಿಂದ ಐದು ಹೆಜ್ಜೆ ಆಚೆ, ಲೋಡರ್ ಮರಳು ಒತ್ತಿದ್ದ ಕಡೆ, ಒಂದು ಕಬ್ಬಿಣದ ಫಲಕ ಸಿಕ್ಕಿತು. ಎಳೆದು ಬಿಸಾಕಿ, ಅದೇ ಗುಂಡಿಯ ಮೇಲೆ ಮತ್ತೆ ಬೀಸಿದೆ. ತೆಳ್ಳಗೆ ಹಾಡಿತು.

ತೋಡಿದೆ. ಕರಡಿಗೆ. ಕೊಂಡಿಯಲ್ಲಿ ಹರಿದ ಶಿವದಾರ ಹಾಗೇ ಇತ್ತು.

ಬಿಸಿಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಇದನ್ನು ಹಿಡಿದು, ಇನ್ನೊಂದು ಕೈಯಿಂದ ಕೊರಳಲ್ಲಿದ್ದುದನ್ನು ಎತ್ತಿ ನೋಡಿದೆ. ಎರಡೂ ಒಂದೇ ಅಚ್ಚು. ನಮ್ಮೂರ ಅಕ್ಕಸಾಲಿ ಆ ಅಚ್ಚಿನಲ್ಲಿ ನನಗಾಗಿ ಎರಡೇ ಮಾಡಿದ್ದ. ಮಗಳಿಗೆ ದೀಕ್ಷೆ ಕೊಡಿಸಿದ ದಿನ, ಒಂದು ಅವಳಿಗೆ, ಒಂದು ನನಗೆ.

ಮೊದಲು ಪಕ್ಕದ ಶೆಡ್ಡಿಗೆ ಹೋದೆ. ಎರಡನ್ನೂ ಅವನ ಕಣ್ಣೆದುರು ಹಿಡಿದೆ. ಅವನು ಕುರ್ಚಿಯಿಂದ ಎದ್ದ.

"ಮಷೀನು ಸುಳ್ಳ ಹೇಳಂಗಿಲ್ಲ ಅಂದಿದ್ದಿ."

"ಮಷೀನು ಹೇಳ್ಲಿಲ್ಲ ಅಮ್ಮ. ನಾನೇ ಹೇಳಿದ್ದು." ತಲೆ ತಗ್ಗಿಸಿದ. "ಮಗಳು ಕೈ ಮುಗಿದು ಕೇಳಿದ್ರು, ಅಮ್ಮ ಸಾಯ್ತಾರೆ ಅಂತ. ಹಿಂದಿನ ದಿನ ಹೂತಿಟ್ಟದ್ದು ನಾನೇ. ಎಂತ ಮಾಡೂದು ಹೇಳಿ?"

ನಾನು ಹೊರಟು ಬಂದೆ. ಅವನು ಹೊರಗಿನವನು, ಕೇಳಬೇಕಾದ್ದು ಮಗಳನ್ನು.

ಮನೆಗೆ ಬಂದು ಮಗಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಎರಡನ್ನೂ ಹಿಡಿದು, ಕೊರಳಲ್ಲಿದ್ದುದನ್ನು ತೋರಿಸಿ ಕೇಳಿದೆ, "ಇದು ಯಾರದು?"

ಅವಳು ಎರಡನ್ನೂ ನೋಡಿದಳು. ಒಲೆ ಆರಿಸಿದಳು. "ನಂದವ್ವ."

"ಕೊಳ್ಳಾಗಿಂದ ಯಾವಾಗ ಬಿಚ್ಚಿದಿ?"

"ಇಲ್ಲಿ ಕೆಲಸಕ್ಕ ಸೇರಿದ ವರ್ಷ. ಲಾಕರ್‌ನ್ಯಾಗ ಇಟ್ಟಿದ್ದೆ. ಕಳದಿಲ್ಲಲ್ಲ, ಜ್ವಾಕಿ ಮಾಡೇನಿ."

"ನಾ ಕೇಳಿದಾಗೆಲ್ಲ ಪೂಜಿ ಆತವ್ವ ಅಂತಿದ್ದಿ."

"ಅಂತಿದ್ದೆ. ನೀ ನೊಂದ್ಕೋತಿ ಅಂತ. ಮರಳಾಗ ಇಡಿಸಿದ್ದೂ ನೀ ಸಾಯ್ತಿದ್ದಿ ಅಂತ."

"ಸಾಯ್ತಿದ್ದಿಲ್ಲ. ಹಸದಿದ್ದೆ. ಹಸದಾಕಿ ಕೈಗೆ ಮಂದೀದು ಕೊಟ್ಟಿ."

"ನಾ ಮಂದಿ ಏನವ್ವ?" ಅಂದಳು. ಆಮೇಲೆ ಸಿಟ್ಟು ಬಂತು ಅವಳಿಗೂ. "ಐದ ತಿಂಗಳು ನನ್ನ ಲಿಂಗಕ್ಕ ನೀ ಪೂಜಿ ಮಾಡಿದಿ. ನಾ ಬಿಟ್ಟಿದ್ದು ನೀ ತುಂಬಿದಿ ಅನ್ಕೋ, ಮುಗೀತು, ಖಲಾಸ್."

"ನಾ ಉಂಡ್ರ ನಿನ್ನ ಹೊಟ್ಟಿ ತುಂಬತೈತೇನ?"

ಅವಳದನ್ನು ನನ್ನ ಕೊರಳಿಂದ ಬಿಚ್ಚಿ ಅವಳ ಕೈಯಲ್ಲಿಟ್ಟೆ. ಕಟ್ಟಿಕೊಳ್ಳುತ್ತಾಳೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಸುಳ್ಳು ಹೇಳುವುದಿಲ್ಲ, ಆಸೆ ಇತ್ತು. ಅವಳು ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮಲಗುವ ಕೋಣೆಗೆ ಹೋದಳು. ಲಾಕರಿನ ಗುಂಡಿ ಟಿಕ್ ಟಿಕ್ ಅಂದದ್ದು, ಬಾಗಿಲು ಮುಚ್ಚಿದ್ದು ಕೇಳಿಸಿತು.

ಅದು ತಪ್ಪು ಎಂದು ಜಗಳ ತೆಗೆಯಲಿಲ್ಲ. ಅವಳ ಕೊರಳು ಅವಳದು. ಆದರೆ ಇಷ್ಟು ವರ್ಷ ನನ್ನ ಎದುರು ಪೂಜೆ ಆಯಿತು ಅಂದವಳ ಯಾವ ಮಾತನ್ನು ಈಗ ನಂಬಲಿ? ಮಾತ್ರೆ ಬದಲಾಗಿದೆ ಅಂದರೆ ಡಬ್ಬಿ ತಿರುಗಿಸಿ ನೋಡುತ್ತೇನೆ. ಓದಲು ಬಾರದಿದ್ದರೂ ನೋಡುತ್ತೇನೆ.

ಹೊಸ ದಾರ ಹಾಕಿ ನನ್ನದನ್ನು ಕಟ್ಟಿಕೊಂಡಿದ್ದೇನೆ. ಇದು ನನ್ನದೇ, ನಾನೇ ತೆಗೆದದ್ದು, ಗೊತ್ತು. ಆದರೂ ಬೆಳಿಗ್ಗೆ ಕರಡಿಗೆ ತೆರೆದು, ವಿಭೂತಿ ಹಚ್ಚುವ ಮೊದಲು, ಉಗುರಿನಿಂದ ಸುತ್ತಲೂ ಮುಟ್ಟಿ ಮುಟ್ಟಿ ನೋಡುತ್ತೇನೆ. ಮೊದಲು ಈ ಕೆಲಸ ಇರಲಿಲ್ಲ. ಕಣ್ಣು ಮುಚ್ಚಿ ಅಂಗೈಗೆ ಇಟ್ಟುಕೊಳ್ಳುತ್ತಿದ್ದೆ.

"ಅವ್ವಾ, ಚಾ ಆರ್ತೈತಿ" ಎಂದು ಮಗಳು ಕೂಗುತ್ತಾಳೆ.

ಆರಲಿ ಅನ್ನುತ್ತೇನೆ.